ಎಸ್‌ಎಸ್‌ಡಿ ವೇಗ ನೋಡುವುದು: ಮೊದಲ ಅಂಕಿಗೇ ನಿಲ್ಲಬೇಡಿ

ಗಂಗಾವತಿಯಲ್ಲಿ ಮದುವೆ ವಿಡಿಯೊ ಮಾಡುವುದು ನನ್ನ ಕೆಲಸ. ಮದುವೆ ಮುಗಿದ ರಾತ್ರಿಯೇ ನೂರಾರು ಜಿಬಿ ಫೈಲು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡ್ರೈವಿಗೆ, ಹೋಗಬೇಕು. ಅದಕ್ಕೇ ಹೊಸ ಡ್ರೈವನ್ನು ಕೆಲಸಕ್ಕೆ ಹಚ್ಚುವ ಮೊದಲು ಅದರ ವೇಗ ನೋಡುತ್ತೇನೆ.

ಡ್ರೈವ್ ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ. ಸಾಟಾ (ಹಳೆಯ ಬಗೆಯ ಜೋಡಣೆ) ಆದರೆ ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ಮುಗಿಯಿತು. ಎನ್‌ವಿಎಂಇ (ಹೊಸ, ವೇಗದ ಬಗೆ) ಆದರೆ, ಅದು ಕೂರುವ ಪಿಸಿಐಇ ಎಂಬ ಜೋಡಣೆಯ 3.0 ತಲೆಮಾರಿನಲ್ಲಿ ಸುಮಾರು 3,500, 4.0ದಲ್ಲಿ 7,000ದವರೆಗೂ ಬರುತ್ತದೆ. ಹೊರಗಿನ ಡ್ರೈವ್ ಆದರೆ ಕೇಬಲ್, ಪೋರ್ಟ್ ಎರಡನ್ನೂ ನೋಡಿ. ಯುಎಸ್‌ಬಿ 2.0 ಪೋರ್ಟಿಗೆ ಹಾಕಿದರೆ ಎಂಥ ಡ್ರೈವಾದರೂ 40ರ ಹತ್ತಿರವೇ ಒದ್ದಾಡುತ್ತದೆ.

ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಹಾಕಿ, ಉಳಿದ ಪ್ರೋಗ್ರಾಂ ಮುಚ್ಚಿ, ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಎಂಬ ಪ್ರೋಗ್ರಾಂ ಓಡಿಸಿ. ಉಚಿತವಾಗಿಯೇ ಸಿಗುತ್ತದೆ. ಮೇಲಿನ ಸಾಲಿನ ಅಂಕಿ ಡಬ್ಬಿಯ ಮೇಲೆ ಬರೆದದ್ದಕ್ಕೆ ಹತ್ತಿರ ಇರಬೇಕು. ಕೊನೆಯ ಸಾಲಿನಲ್ಲಿ 50, 60 ಅಂತ ಕಂಡರೆ ಗಾಬರಿ ಬೇಡ. ಅದು ಒಂದೊಂದೇ ಚಿಕ್ಕ ತುಣುಕು ಓದುವ ಪರೀಕ್ಷೆ. ಹಳೆಯ ಹಾರ್ಡ್ ಡಿಸ್ಕ್ ಅಲ್ಲಿ 1 ಎಂಬಿಗೇ ಸುಸ್ತಾಗುತ್ತದೆ.

ಆದರೆ ಈ ಪರೀಕ್ಷೆ ಸಾಮಾನ್ಯವಾಗಿ ಬಳಸುವುದು ಬರೀ 1 ಜಿಬಿಯ ಫೈಲು. ಈಗಿನ ಬಹುತೇಕ ಡ್ರೈವ್‌ಗಳು ಬಂದ ಡೇಟಾವನ್ನು ಮೊದಲು ಕ್ಯಾಶ್ ಎಂಬ ವೇಗದ ತಾತ್ಕಾಲಿಕ ಜಾಗಕ್ಕೆ ಹಾಕಿಕೊಂಡು, ಆಮೇಲೆ ನಿಧಾನಕ್ಕೆ ಒಳಗೆ ಜೋಡಿಸುತ್ತವೆ. ಕ್ಯಾಶ್ ತುಂಬಿದ ಮೇಲಿನ ವೇಗವೇ ನಮಗೆ ಬೇಕಾದದ್ದು, ಅಲ್ವಾ? ಹಾಗಾಗಿ 200 ಜಿಬಿಯ ಒಂದು ಫೋಲ್ಡರ್ ಕಾಪಿ ಮಾಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಗ್ರಾಫ್ ನೋಡುತ್ತಾ ಕೂರಿ. ಕಾಪಿ ಮಾಡುವ ಮೂಲ ಇನ್ನೊಂದು ವೇಗದ ಎಸ್‌ಎಸ್‌ಡಿಯೇ ಆಗಿರಬೇಕು. ಕ್ಯಾಮೆರಾ ಕಾರ್ಡಿನಿಂದ ಮಾಡಿದರೆ ನೀವು ಅಳೆಯುವುದು ಕಾರ್ಡನ್ನೇ. ಅಗ್ಗದ ಕ್ಯೂಎಲ್‌ಸಿ (ಚಿಪ್‌ನ ಒಂದೊಂದು ಕೋಶದಲ್ಲೂ ನಾಲ್ಕು ಬಿಟ್ ತುಂಬುವ) ಡ್ರೈವ್‌ಗಳು ಮಧ್ಯದಲ್ಲಿ ದಬಕ್ಕನೆ ನೂರರ ಆಸುಪಾಸಿಗೆ ಇಳಿಯುವುದುಂಟು. ವಿಡಿಯೊ ಕೆಲಸಕ್ಕೆ ಅಂಥದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ.

ವೇಗ ಇಳಿಯಲು ಸೆಖೆಯೂ ಕಾರಣ ಇರಬಹುದು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮಾಮೂಲು. ಅದಕ್ಕೇ ಮಧ್ಯಾಹ್ನವೇ ಪರೀಕ್ಷೆ ಮಾಡಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪ್ರೋಗ್ರಾಂನಲ್ಲಿ ಡ್ರೈವಿನ ಬಿಸಿ ನೋಡಿ. 50 ಡಿಗ್ರಿಯಲ್ಲೇ ವೇಗ ಕುಸಿದರೆ ಕ್ಯಾಶ್ ಮುಗಿದಿರುತ್ತದೆ. 80ರ ಹತ್ತಿರ ಹೋಗಿ ಕುಸಿದರೆ ಡ್ರೈವ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನ ಮಾಡಿಕೊಂಡಿದೆ. ಅದಕ್ಕೆ ಒಂದು ಹೀಟ್‌ಸಿಂಕ್ (ಬಿಸಿ ಹೀರಿ ಹೊರಹಾಕುವ ಲೋಹದ ಪಟ್ಟಿ) ಸಾಕಾಗಬಹುದು. ಕ್ಯಾಶ್‌ಗೆ ಮಾತ್ರ ಮದ್ದಿಲ್ಲ.

ಡ್ರೈವ್ ಮುಕ್ಕಾಲು ತುಂಬಿದ ಮೇಲೆ ಮತ್ತೊಮ್ಮೆ ನೋಡಿ. ಜಾಗ ಕಡಿಮೆಯಾದಂತೆ ಅನೇಕ ಡ್ರೈವ್‌ಗಳಲ್ಲಿ ಕ್ಯಾಶ್ ಕೂಡ ಕುಗ್ಗುತ್ತದೆ. ಸುಮ್ನೆ ದಿನಾ ಮಾಡಬೇಡಿ, ಡೇಟಾ ಬರೆದಾಗಲೆಲ್ಲ ಡ್ರೈವಿನ ಆಯುಸ್ಸು ಸ್ವಲ್ಪ ಸವೆಯುತ್ತದೆ.