ಬೋರ್‌ನೀರಿನಲ್ಲೇ ಬೆಳೆದ ಗಿಡಗಳ ಅಕ್ವೇರಿಯಂ

ಗಿಡ ಬೆಳೆಸುವ ಅಕ್ವೇರಿಯಂ ಅಂದರೆ ಕೈ ಕಚ್ಚುವ ಹವ್ಯಾಸ ಅಂತ ತುಂಬಾ ಜನ ಹಿಂಜರಿಯುತ್ತಾರೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಹೊರದೇಶದ ಮಣ್ಣು, ಸಾವಿರಾರು ರೂಪಾಯಿಯ ಲೈಟು ಎಲ್ಲಾ ಬೇಕು ಅಂತ ಕೇಳಿರುತ್ತಾರೆ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ತೊಟ್ಟಿಯಲ್ಲಿ ಇದ್ಯಾವುದೂ ಇಲ್ಲ. ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಮೊದಲು ನಲ್ಲಿಯಲ್ಲಿ ಬರುವ ನೀರು ಎಂಥದ್ದು ಅಂತ ನೋಡಿ, ಆಮೇಲೆ ಅದಕ್ಕೆ ಒಗ್ಗುವ ಗಿಡ ಮತ್ತು ಮೀನು ಆರಿಸಿದ್ದೇ ಇದಕ್ಕೆ ಕಾರಣ.

ನಮ್ಮದು ಬೋರ್‌ನೀರು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) 700ರ ಆಸುಪಾಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಇಂಥ ಗಡಸು ನೀರಿಗೆ ಆರ್‌ಓ ನೀರು ಬೆರೆಸಿ ಅನ್ನುವ ಸಲಹೆ ಬಂತು. ನಾನು ಬೆರೆಸಲಿಲ್ಲ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇರುತ್ತದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಗಿಡಗಳು ತಮಗೆ ಬೇಕಾದ ಇಂಗಾಲವನ್ನು ಆ ಬೈಕಾರ್ಬೊನೇಟಿನಿಂದಲೂ ತೆಗೆದುಕೊಳ್ಳಬಲ್ಲವು. ಅಂದಮೇಲೆ ಸಿಲಿಂಡರ್ ಯಾಕೆ, ಅಲ್ವಾ? ಈ ಮೂರೂ ನಮ್ಮ ದೇಶದ ನೀರಿನಲ್ಲಿ ತಾವಾಗೇ ಬೆಳೆಯುವಂಥವು, ಅಗ್ಗವಾಗಿ ಸಿಗುತ್ತವೆ. ನಾನು ಹಾಕಿದ್ದು ವ್ಯಾಲಿಸ್ನೇರಿಯಾ ಮತ್ತು ಹಾರ್ನ್‌ವರ್ಟ್. ಜೊತೆಗೆ ನೀರುಬ್ರಾಹ್ಮಿಯ ಕಡ್ಡಿಗಳನ್ನೂ ನೆಟ್ಟೆ. ಅದು ನೀರೊಳಗೆ ಮುಳುಗಿಯೂ ಚೆನ್ನಾಗಿ ಬದುಕುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಒಂದು ವಿಷಯ ಗಮನಿಸಬೇಕು. ನೀರಿನ ಗಡಸು ತೆಗೆಯುವ ಸಾಫ್ಟ್‌ನರ್‌ನಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಸೋಡಿಯಂ ಸೇರಿರುತ್ತದೆ. ಗಿಡಕ್ಕೆ ಅದು ಬೇಡ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿಯ ನೀರನ್ನೇ ಹಿಡಿಯಿರಿ. ಕಾವೇರಿ ನೀರು ಬರುವ ಮನೆಯವರಿಗೆ ಗಡಸಿನ ತೊಂದರೆ ಕಡಿಮೆ. ಆದರೆ ಕ್ಲೋರಿನ್ ಇರುತ್ತದೆ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿಗಳು ಸಾಕು.

ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಸುಮಾರು 54 ಲೀಟರ್ ಆಗುತ್ತದೆ. ಮಣ್ಣು, ಮರಳು ಹಾಕಿದ ಮೇಲೆ ನೀರು ಹಿಡಿಯುವುದು 40–45 ಲೀಟರ್. ಒಟ್ಟು ಭಾರ 60 ಕಿಲೋ ಮೀರುತ್ತದೆ, ಹಾಗಾಗಿ ಅಲುಗಾಡುವ ಮೇಜಿನ ಮೇಲೆ ಇಡುವ ಹಾಗಿಲ್ಲ. ಗಾಜಿನ ಕೆಳಗೆ ಥರ್ಮಾಕೋಲ್ ಹಾಸಿದರೆ ಸಣ್ಣಪುಟ್ಟ ಏರುತಗ್ಗು ಸರಿಹೋಗುತ್ತದೆ. ನಾನು ತಂದದ್ದು ಸೆಕೆಂಡ್ ಹ್ಯಾಂಡ್ ತೊಟ್ಟಿ. ಬಾಲ್ಕನಿಯಲ್ಲಿ ನೀರು ತುಂಬಿ ಎರಡು ದಿನ ಬಿಟ್ಟು, ಸೋರುವುದಿಲ್ಲ ಅಂತ ಖಾತ್ರಿಯಾದ ಮೇಲೇ ಒಳಗೆ ತಂದೆ. ತೊಳೆಯಲು ಕಲ್ಲುಪ್ಪು ಸಾಕು. ಸೋಪು ಮುಟ್ಟಿಸಲೇಬಾರದು.

ಇನ್ನು ಮಣ್ಣು. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ವಿಧಾನವಿದೆ: ಅಡಿಯಲ್ಲಿ ಸಾಮಾನ್ಯ ತೋಟದ ಮಣ್ಣು, ಅದರ ಮೇಲೆ ಮರಳಿನ ಹೊದಿಕೆ. ಮಣ್ಣಿನ ಜೈವಿಕ ಅಂಶ ಕೊಳೆಯುತ್ತಾ ಗಿಡಕ್ಕೆ ಪೋಷಕಾಂಶವನ್ನೂ ಒಂದಿಷ್ಟು ಕಾರ್ಬನ್ ಡೈಆಕ್ಸೈಡನ್ನೂ ಕೊಡುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣ ಧಾರಾಳವಾಗಿದೆ, ಗೊಬ್ಬರದ ಅಂಶ ಕಡಿಮೆ. ಅದಕ್ಕೆ ಐದು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಹಳೆಯ ಎರೆಗೊಬ್ಬರ ಬೆರೆಸಿದೆ. ರಾಸಾಯನಿಕ ಗೊಬ್ಬರ ಬಿದ್ದ ಮಣ್ಣು ಬೇಡ, ಹಸಿ ಸಗಣಿಯಂತೂ ಬೇಡವೇ ಬೇಡ. ಬಕೆಟ್‌ನಲ್ಲಿ ನೆನೆಸಿ, ತೇಲಿದ ಕಸಕಡ್ಡಿ ಚೆಲ್ಲಿ, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದೆ. ಈ ಅಳತೆಯ ತೊಟ್ಟಿಗೆ ಒಂದು ಇಂಚು ಹಾಸಲು ನಾಲ್ಕೂವರೆ ಲೀಟರ್ ಮಣ್ಣು ಬೇಕು. ಇದಕ್ಕಿಂತ ದಪ್ಪ ಹಾಸಿದರೆ ಒಳಗೆ ಗಾಳಿಯಾಡದೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಕಟ್ಟಿಕೊಳ್ಳಬಹುದು.

ಮೇಲಿನ ಹೊದಿಕೆಗೆ ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಬೇಡ ಅನ್ನಿಸಿತು. ಅದರ ಧೂಳು ತೊಳೆದಷ್ಟೂ ಬರುತ್ತದೆ, ಅಂಚು ಚೂಪು. ನೀರು ಶುದ್ಧೀಕರಣದ ಸಾಮಾನು ಮಾರುವ ಅಂಗಡಿಗಳಲ್ಲಿ ಸ್ಯಾಂಡ್ ಫಿಲ್ಟರ್‌ಗೆ ಹಾಕುವ ಸಿಲಿಕಾ ಮರಳು ಸಿಗುತ್ತದೆ. ಒಂದರಿಂದ ಎರಡು ಮಿಲಿಮೀಟರ್ ಕಾಳಿನದ್ದು ತಂದು ಒಂದು ಇಂಚು ಹಾಸಿದೆ. ಯಾವುದೇ ಮರಳು, ಕಲ್ಲು ಹಾಕುವ ಮುಂಚೆ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಅಂತ ಅರ್ಥ. ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ.

ಮೊದಲು ಮೂರು ಇಂಚು ನೀರು ಬಿಟ್ಟು ಗಿಡ ನೆಟ್ಟೆ. ಮರಳಿನ ಮೇಲೆ ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ಸುರಿದರೆ ಮಣ್ಣು ಕದಡುವುದಿಲ್ಲ. ಇಲ್ಲಿ ಜಿಪುಣತನ ಮಾಡಬೇಡಿ, ಮೊದಲ ದಿನವೇ ತಳದ ಮುಕ್ಕಾಲು ಭಾಗ ಗಿಡ ತುಂಬಿರಲಿ. ಖಾಲಿ ಬಿಟ್ಟರೆ ಆ ಜಾಗ ಪಾಚಿಯ ಪಾಲು. ಅಂಗಡಿಯ ಗಿಡಗಳನ್ನು ಪಟಿಕದ ನೀರಿನಲ್ಲಿ ಅದ್ದಿಟ್ಟು, ಚೆನ್ನಾಗಿ ತೊಳೆದು ನೆಟ್ಟರೆ ಬಸವನಹುಳುಗಳ ಕಾಟ ಕಡಿಮೆ.

ಲೈಟು ಮನೆಯಲ್ಲಿ ಹಾಕುವಂಥದ್ದೇ, ಎರಡಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್, 6500 ಕೆಲ್ವಿನ್‌ನದು. ಹೆಚ್ಚುಕಡಿಮೆ 1000 ಲುಮೆನ್ ಕೊಡುತ್ತದೆ. ಈ ಗಿಡಗಳಿಗೆ ಧಾರಾಳವಾಗಿ ಸಾಕು. ಟೈಮರ್‌ಗೆ ಹಾಕಿ ದಿನಕ್ಕೆ ಏಳು ಗಂಟೆ ಉರಿಸುತ್ತೇನೆ. ನೀರು ಹಸಿರಾಗತೊಡಗಿದರೆ ಆರಕ್ಕೆ ಇಳಿಸುತ್ತೇನೆ. ಪಾಚಿ ತಡೆಯಲು ನಾಲ್ಕೈದು ಅಂತರಗಂಗೆಯನ್ನೂ ತೇಲಿಬಿಟ್ಟಿದ್ದೇನೆ. ಹೆಚ್ಚಾದ ಪೋಷಕಾಂಶವನ್ನು ಅದು ಹೀರಿಕೊಳ್ಳುತ್ತದೆ. ಆದರೆ ವಾರಕ್ಕೊಮ್ಮೆ ಅರ್ಧ ತೆಗೆಯದಿದ್ದರೆ ಕೆಳಗಿನ ಗಿಡಕ್ಕೆ ಬೆಳಕೇ ಸಿಗುವುದಿಲ್ಲ. ಫಿಲ್ಟರ್ ಅಂದರೆ ಒಂದು ಸ್ಪಂಜು, ಒಂದು ಏರ್ ಪಂಪ್. ಬೆಂಗಳೂರಿನ ಹವೆಗೆ ಹೀಟರ್ ಬೇಕಾಗಲಿಲ್ಲ.

ತಾಳ್ಮೆ ಬೇಕಾಗುವುದು ಇಲ್ಲಿಂದ ಮುಂದೆ. ಹೊಸ ಮಣ್ಣು ಮೊದಲ ವಾರಗಳಲ್ಲಿ ನೀರಿಗೆ ಅಮೋನಿಯಾ ಬಿಡುತ್ತದೆ, ಅದು ಮೀನಿಗೆ ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನು ಬಿಡಲಿಲ್ಲ. ಎರಡು ಮೂರು ದಿನಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದೆ. ತೆಗೆದ ನೀರು ಕುಂಡದ ಗಿಡಗಳಿಗೆ ಹೋಯಿತು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಆರು ಗಪ್ಪಿ ಬಂದವು. ಗಪ್ಪಿ, ಮೋಲಿ ಎರಡಕ್ಕೂ ಗಡಸು ನೀರೇ ಇಷ್ಟ. ನಿಯಾನ್ ಟೆಟ್ರಾ ಮೆದು ನೀರಿನ ಮೀನು. ಎಷ್ಟೇ ಚೆಂದ ಕಂಡರೂ ಬೋರ್‌ನೀರಿನವರು ಅದನ್ನು ತರದಿದ್ದರೆ ಒಳ್ಳೆಯದು. ಸುಮ್ನೆ ಪಾಪದ ಜೀವಕ್ಕೆ ಕಷ್ಟ.

ಈಗ ವ್ಯಾಲಿಸ್ನೇರಿಯಾ ಮರಳಿನಡಿ ಬಳ್ಳಿ ಹರಿಸಿ ಮರಿಗಿಡ ಬಿಡುತ್ತಲೇ ಇದೆ. ಕಿತ್ತ ಮರಿಗಿಡಗಳನ್ನು ಹೊಸದಾಗಿ ಶುರು ಮಾಡುವವರಿಗೆ ಕೊಡುತ್ತೇನೆ. ಗಪ್ಪಿ ಮರಿಗಳು ಹೆಚ್ಚಾದರೆ ಅಂಗಡಿಯವರೇ ತೆಗೆದುಕೊಳ್ಳುತ್ತಾರೆ. ಹೆಚ್ಚಾದ ಅಂತರಗಂಗೆ ಒಣಗಿಸಿ ಕಾಂಪೋಸ್ಟ್‌ಗೆ ಹಾಕುತ್ತೇನೆ. ಗಿಡವಾಗಲಿ ಮೀನಾಗಲಿ ಯಾವುದನ್ನೂ ಕೆರೆಗೆ ಬಿಡುವುದಿಲ್ಲ. ಜನ ಸಾಕಿ ಬಿಟ್ಟ ಸಕ್ಕರ್ ಮೀನು ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ.