ಚಾವಡಿ, ಪಂಚಾಯ್ತಿ ಹಾಲ್, ಉಪ್ಪಿಟ್ಟಿನ ಮನೆ, ಡೈರಿ: ನಮ್ಮೂರ ಕಟ್ಟಡದ ಜಾಡು ಹಿಡಿದದ್ದು

ತಿ. ನರಸೀಪುರ ತಾಲ್ಲೂಕಿನ ನಮ್ಮೂರಲ್ಲಿ ಮಾರಿಗುಡಿ ಎದುರಿಗೆ ಒಂದು ಹೆಂಚಿನ ಕಟ್ಟಡವಿದೆ. ಮುಂದೆ ಜಗಲಿ, ಮರದ ಕಂಬಗಳು, ಒಳಗೆ ಉದ್ದನೆಯ ಒಂದು ಅಂಕಣ, ಪಕ್ಕಕ್ಕೆ ಒಂದು ಕೋಣೆ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಸಮುದಾಯ ಭವನ’ ಎಂದು ಬರೆದಿದೆ. ಆ ಹೆಸರು ಹಿಡಿದು ಯಾರಾದರೂ ಕರೆದದ್ದನ್ನು ನಾನಂತೂ ಕೇಳಿಲ್ಲ. ಈಗಿನ ಹುಡುಗರಿಗೆ ಅದು ಡೈರಿ. ನನ್ನ ವಾರಿಗೆಯವರಿಗೆ ಪಂಚಾಯ್ತಿ ಹಾಲ್. ನಮ್ಮ ಸೋದರತ್ತೆಗೆ ಉಪ್ಪಿಟ್ಟಿನ ಮನೆ. ಎಂಬತ್ತು ದಾಟಿದವರು ಇವತ್ತಿಗೂ ‘ಚಾವಡಿ ತಾವ ಇರ್ತೀನಿ ಬಾ’ ಎನ್ನುತ್ತಾರೆ. ಹಾಲ್ ಹೋಗಿ ಹಾಲು ಬಂತು ಅನ್ನುವುದು ಊರಿನ ಹಳೆಯ ತಮಾಷೆ.

ಅದನ್ನು ಕೆಡವಿ ಹೊಸದು ಕಟ್ಟುವ ಮಾತು ಎದ್ದಾಗ, ಇದು ಯಾವ ಕಾಲದ್ದು ಎಂಬ ಪ್ರಶ್ನೆಯೂ ಎದ್ದಿತು. ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಹುಡುಕಲು ಹೊರಟದ್ದು ಆಗ. ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ನೋಟ್‌ಬುಕ್ಕಿನಲ್ಲಿ ಮೊದಲು ಎರಡು ಕಾಲಂ ಎಳೆದುಕೊಂಡೆ. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಬಳಕೆ. ಎರಡನ್ನೂ ಒಟ್ಟಿಗೆ ಬರೆಯಬಾರದು, ಏಕೆಂದರೆ ಅವು ಒಟ್ಟಿಗೆ ಬದಲಾಗುವುದಿಲ್ಲ. ಕಚೇರಿ ಎದ್ದುಹೋದ ಮೇಲೂ ಪಂಚಾಯ್ತಿ ಹಾಲ್ ಎಂಬ ಹೆಸರು ಎಷ್ಟೋ ವರ್ಷ ಉಳಿಯಿತು. ‘ಸಮುದಾಯ ಭವನ’ ಎಂಬ ಹೆಸರಿನದು ತಿರುವುಮುರುವು. ಹೆಸರು ಬಂತು, ಅದಕ್ಕೆ ತಕ್ಕ ಬಳಕೆ ಬರಲೇ ಇಲ್ಲ. ಸರ್ಕಾರದ ಯೋಜನೆ ಬಂದಾಗೆಲ್ಲ ಗೋಡೆಗೆ ಹೊಸ ಹೆಸರು ಬೀಳುತ್ತದೆ. ಊರಿನ ಬಾಯಲ್ಲಿ ನಿಲ್ಲುವುದು ಅಲ್ಲಿ ಏನು ಸಿಗುತ್ತಿತ್ತೋ ಅದರ ಹೆಸರು.

ಹಿರಿಯರನ್ನು ಮಾತಾಡಿಸುವಾಗ ‘ಇದಕ್ಕೆ ಮೊದಲು ಏನಂತಿದ್ರಿ?’ ಎಂದು ಕೇಳಿದರೆ ಪ್ರಯೋಜನ ಕಡಿಮೆ. ಗಂಡಸರು ತಕ್ಷಣ ಇತಿಹಾಸ ಹೇಳತೊಡಗುತ್ತಾರೆ, ಮಹಾರಾಜರವರೆಗೂ ಹೋಗುತ್ತಾರೆ. ‘ನೀವು ಅಲ್ಲಿಗೆ ಯಾಕೆ ಹೋಗ್ತಿದ್ರಿ?’ ಎಂದು ಕೇಳಬೇಕು. ಇಸವಿಯನ್ನಂತೂ ಕೇಳಲೇಬಾರದು. ಮದುವೆಗೆ ಮುಂಚೆಯೋ ಆಮೇಲೋ, ದೊಡ್ಡ ಮಗ ಹುಟ್ಟಿದ್ದನೋ ಇಲ್ಲವೋ, ಇಂದಿರಾಗಾಂಧಿ ಹೋದ ವರ್ಷಕ್ಕೆ ಹಿಂದೋ ಮುಂದೋ ಎಂದು ಕೇಳಿದರೆ ಉತ್ತರ ಗಟ್ಟಿಯಾಗಿ ಬರುತ್ತದೆ.

ಉಪ್ಪಿಟ್ಟಿನ ಗಂಟು ಬಿಡಿಸಿದ್ದು ಹೀಗೆಯೇ. ಸೋದರತ್ತೆ, ‘ಅಮೆರಿಕಾದ ಹಾಲಿನ ಪುಡಿ, ಗೋಧಿ ನುಚ್ಚಿನ ಉಪ್ಪಿಟ್ಟು ಅಲ್ಲೇ ಕಣೋ ಕೊಡ್ತಿದ್ದಿದ್ದು’ ಎಂದರು. ಎದುರು ಮನೆಯ ಅಮ್ಮ, ‘ಅಲ್ಲ, ಅದು ಅಂಗನವಾಡಿ ಉಪ್ಪಿಟ್ಟು’ ಎಂದು ಹಟ ಹಿಡಿದರು. ಜಗಳವೇ ಆಗಿಹೋಯಿತು. ಆಗ ಅತ್ತೆಯನ್ನು ಕೇಳಿದೆ, ‘ನೀವೇ ತಿನ್ನುತ್ತಿದ್ದಿರಾ, ನಿಮ್ಮ ಮಕ್ಕಳಿಗೆ ತಿನ್ನಿಸುತ್ತಿದ್ದಿರಾ?’ ಅವರು ತಾವೇ ತಿಂದದ್ದು, ಪ್ರೈಮರಿ ಸ್ಕೂಲಿನಲ್ಲಿದ್ದಾಗ. ಅದು ಕೇರ್ ಸಂಸ್ಥೆ ಶಾಲಾಮಕ್ಕಳಿಗೆ ಕಳಿಸುತ್ತಿದ್ದ ದಿನಸಿ. ಶಾಲೆಯಲ್ಲಿ ಅಡುಗೆಗೆ ಜಾಗವಿಲ್ಲದೆ ಪಕ್ಕದ ಕೋಣೆಯಲ್ಲಿ ಬೇಯಿಸುತ್ತಿದ್ದರು. ಎದುರು ಮನೆಯ ಅಮ್ಮ ಹೇಳುತ್ತಿದ್ದುದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದ ಕಾಲ. ಅದು 1975ರಿಂದೀಚೆಗಿನದು ಎಂದು ಖಾತ್ರಿಯಾಗಿ ಹೇಳಬಹುದು. ಆ ವರ್ಷದ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಮಾತ್ರ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಯೋಜನೆ, ಶುರುವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ನಮ್ಮ ತಿ. ನರಸೀಪುರ ತಾಲ್ಲೂಕು. ಬೇರೆ ತಾಲ್ಲೂಕಿನವರು ಈ ಇಸವಿಯನ್ನು ಹಾಗೇ ಎತ್ತಿಕೊಳ್ಳಬೇಡಿ, ನಿಮ್ಮಲ್ಲಿ ಅದು ವರ್ಷಗಳಾಚೆ ಬಂದಿರುತ್ತದೆ. ಅಂತೂ ಎರಡು ಉಪ್ಪಿಟ್ಟು, ಎರಡು ಕಾಲ, ಹೆಸರು ಒಂದೇ. ಇಬ್ಬರೂ ಗೆದ್ದರು.

ಕಾಗದಗಳಿಗೆ ಬಂದರೆ, ಪಹಣಿ ಹುಡುಕಿಕೊಂಡು ತಾಲ್ಲೂಕು ಕಚೇರಿಗೆ ಅಲೆಯುವುದು ಬೇಡ. ಇಂಥ ಕಟ್ಟಡ ಸಾಮಾನ್ಯವಾಗಿ ಗ್ರಾಮಠಾಣದೊಳಗೇ, ಅಂದರೆ ಊರಿನ ಮನೆಗಳಿರುವ ಜಾಗದಲ್ಲೇ, ಇರುತ್ತದೆ. ಅಲ್ಲಿನ ಮನೆ ನಿವೇಶನಗಳಿಗೆ ಪಹಣಿ ಇರುವುದಿಲ್ಲ. ಬೇಕಾದದ್ದು ಪಂಚಾಯ್ತಿಯ ಆಸ್ತಿ ವಹಿ ಮತ್ತು ಸಭೆಯ ತೀರ್ಮಾನ ಬರೆದಿಡುವ ಹಳೆಯ ನಡವಳಿ ಪುಸ್ತಕಗಳು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ‘ಕಟ್ಟಡದ ಇತಿಹಾಸ ಕೊಡಿ’ ಎಂದು ಬರೆದರೆ ‘ಅಂಥ ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಇಂಥ ವರ್ಷದಿಂದ ಇಂಥ ವರ್ಷದವರೆಗಿನ ನಡವಳಿ ಪುಸ್ತಕ ಎಂದು ಕೇಳಬೇಕು. ಅರ್ಜಿಗಿಂತ ಮೊದಲು ಬಿಲ್ ಕಲೆಕ್ಟರ್ ಜೊತೆ ಒಂದು ಟೀ ಕುಡಿಯಿರಿ ಅನ್ನುವುದು ನನ್ನ ಸಲಹೆ. ಪಿಡಿಓಗಳು (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳು) ವರ್ಗವಾಗುತ್ತಿರುತ್ತಾರೆ. ಯಾವ ಬೀರುವಿನ ಯಾವ ಅರೆಯಲ್ಲಿ ಹಳೆಯ ಕಟ್ಟು ಇದೆ ಎಂಬುದು ಬಿಲ್ ಕಲೆಕ್ಟರ್‌ಗೆ ಗೊತ್ತಿರುತ್ತದೆ.

ತಾರೀಖಿಲ್ಲದ ಚೀಟಿ, ಫಲಕ, ಫೋಟೋಗಳೇ ಹೆಚ್ಚು ಸಿಗುವುದು. ಅವುಗಳ ಕಾಲ ಹಿಡಿಯಲು ನನಗೆ ಹೆಚ್ಚು ನೆರವಾದದ್ದು ಪದವಿಯ ಹೆಸರು. 1959ರ ಕಾಯ್ದೆಯ ವಿಲೇಜ್ ಪಂಚಾಯ್ತಿಗೆ ಇದ್ದವರು ಚೇರ್ಮನ್. 1983ರ ಕಾಯ್ದೆಯ ಮಂಡಲ ಪಂಚಾಯ್ತಿಗೆ ಪ್ರಧಾನರು. 1993ರ ಕಾಯ್ದೆ ಬಂದ ಮೇಲೆ ಅಧ್ಯಕ್ಷರು. ನಾಟಕದ ಕರಪತ್ರವೊಂದರಲ್ಲಿ ‘ಮಂಡಲ ಪ್ರಧಾನರ ಘನ ಉಪಸ್ಥಿತಿಯಲ್ಲಿ’ ಎಂದಿದ್ದರೆ ಅದು 1987ರ ಮಂಡಲ ಚುನಾವಣೆಯ ಈಚಿನದು ಎಂದು ಕಣ್ಣುಮುಚ್ಚಿ ಬರೆಯಬಹುದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಬಾಡಿಗೆ ರಸೀದಿಯಲ್ಲಿ ಆಣೆ ಇದ್ದರೆ 1957ಕ್ಕೆ ಮುಂಚಿನದಿರಬೇಕು, ‘ನ.ಪೈ.’ (ನಯಾ ಪೈಸೆ) ಇದ್ದರೆ 1957ರಿಂದ 1964ರ ನಡುವಿನದು. ಆದರೆ ಹಳೆಯ ಛಾಪಾ ಪುಸ್ತಕ ಮುಗಿಯುವವರೆಗೂ ಬಳಸುವುದು ಕಚೇರಿಗಳ ಜಾಯಮಾನ. ಛಾಪಿಸಿದ್ದನ್ನಲ್ಲ, ಕೈಬರಹದಲ್ಲಿ ತುಂಬಿದ್ದನ್ನು ನಂಬಿ.

ಲಗ್ನಪತ್ರಿಕೆಗಳನ್ನು ಮರೆಯಬೇಡಿ. ಮದುವೆ ನಡೆದ ಸ್ಥಳ, ತಿಥಿ, ತಾರೀಖು ಮೂರೂ ಒಂದೇ ಹಾಳೆಯಲ್ಲಿರುವ ಇನ್ನೊಂದು ಕಾಗದ ಹಳ್ಳಿಯಲ್ಲಿಲ್ಲ. ಟ್ರಂಕಿನ ತಳದಲ್ಲಿ, ಫೋಟೋ ಚೌಕಟ್ಟಿನ ಹಿಂದೆ ಸಿಗುತ್ತವೆ. ನಮ್ಮಲ್ಲಿ ಹೆಣ್ಣಿನ ಮನೆಯ ಮುಂದಿನ ಚಪ್ಪರ ಹೋಗಿ ‘ಪಂಚಾಯ್ತಿ ಹಾಲ್ ಆವರಣ’ ಬಂದದ್ದು, ಆಮೇಲೆ ಅದೂ ಹೋಗಿ ನರಸೀಪುರದ ಕಲ್ಯಾಣಮಂಟಪ ಬಂದದ್ದು ಎಲ್ಲ ಅದರಲ್ಲೇ ಕಂಡಿತು. ಮತದಾರರ ಪಟ್ಟಿಯ ಮೊದಲ ಪುಟವೂ ಹೀಗೆಯೇ ಉಪಯೋಗಕ್ಕೆ ಬರುತ್ತದೆ, ಮತಗಟ್ಟೆ ಇರುವ ಕಟ್ಟಡದ ಹೆಸರು ಅಲ್ಲಿರುತ್ತದೆ. ಕರೆಂಟ್ ಬಿಲ್ಲಂತೂ ಮಜಾ. ಕೆಇಬಿ ಹೋಗಿ ನಿಗಮ ಬಂದು ಎಷ್ಟೋ ಕಾಲವಾಯಿತು, ಗ್ರಾಹಕರ ಹೆಸರು ಇನ್ನೂ ‘ಚೇರ್ಮನ್, ವಿ.ಪಿ.’ (ವಿಲೇಜ್ ಪಂಚಾಯ್ತಿ) ಅಂತಲೇ ಇದೆ. ಹಾಗಾಗಿ ಮಂಡಲ ಬರುವ ಮೊದಲೇ ಕಟ್ಟಡಕ್ಕೆ ಕರೆಂಟ್ ಬಂದಿತ್ತು ಎಂದಾಯಿತು.

ಗೋಡೆಯನ್ನು ಕೆರೆಯಲು ಹೋಗಬೇಡಿ. ರಾತ್ರಿ ಹೊತ್ತು ಟಾರ್ಚನ್ನು ಗೋಡೆಗೆ ಒತ್ತಿದಂತೆ ಓರೆಯಾಗಿ ಹಿಡಿದರೆ ಸುಣ್ಣದ ಪದರದ ಕೆಳಗಿನ ಹಳೆಯ ಬಣ್ಣದ ಅಂಚು ಉಬ್ಬಿ ಕಾಣುತ್ತದೆ. ನಮ್ಮಲ್ಲಿ ತಲೆಕೆಳಗಾದ ತ್ರಿಕೋನ ಕಂಡಿತು, ಕುಟುಂಬ ಯೋಜನೆಯದು. ಹೆಂಚಿನ ಮೇಲಿನ ಮುದ್ರೆಯನ್ನು ಮಾತ್ರ ಎಚ್ಚರದಿಂದ ಓದಬೇಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು, ಮೊದಲ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಹಾಗೆಂದು ಹೆಂಚಿನ ವಯಸ್ಸೇ ಕಟ್ಟಡದ ವಯಸ್ಸು ಅಲ್ಲ. ನಾಡಹೆಂಚು ಇಳಿಸಿ, ಬೇರೆಲ್ಲೋ ಬಿಚ್ಚಿದ ಹೆಂಚು ತಂದು ಹೊದಿಸುವುದು ನಮ್ಮ ಕಡೆ ಸಾಮಾನ್ಯ.

ಇಷ್ಟೆಲ್ಲ ಆಗಿ ಪಟ್ಟಿ ಚೆನ್ನಾಗಿ ಕೂತಿತು ಅಂದುಕೊಂಡಿರುವಾಗ ದಲಿತ ಕೇರಿಯ ಹಿರಿಯರೊಬ್ಬರು ನೋಟ್‌ಬುಕ್ ನೋಡಿ, ‘ಹೆಸರೇನ್ ಬರ್ಕೋತೀಯಪ್ಪ, ನಾವು ಜಗಲಿ ಹತ್ತಿದ್ದು ಯಾವಾಗ ಅಂತ ಬರ್ಕೋ’ ಎಂದರು. ಪಟೇಲರು, ಶಾನುಭೋಗರು ಕಂದಾಯದ ಕಿಸ್ತು ಎತ್ತುತ್ತಿದ್ದ ಕಾಲದಲ್ಲಿ ಕೇರಿಯವರು ನಿಲ್ಲುತ್ತಿದ್ದದ್ದು ಜಗಲಿಯ ಕೆಳಗೆ, ಬಿಸಿಲಲ್ಲಿ. ನ್ಯಾಯ ಹೇಳುವಾಗಲೂ ಅಷ್ಟೆ. ಅವರ ಅಪ್ಪ ಮೊದಲ ಸಲ ಮೆಟ್ಟಿಲು ಹತ್ತಿದ್ದು ಓಟು ಹಾಕಲು. ಒಳಗೆ ಹೋಗಿ ಚೀಟಿ ಹಾಕಿ ಬಂದವರು ಮಾರನೆಯ ದಿನ ಮತ್ತೆ ಕೆಳಗೇ ನಿಂತರು. ಅವತ್ತೇ ಮೂರನೆಯ ಕಾಲಂ ಎಳೆದೆ: ಯಾರು ಒಳಗೆ, ಯಾರು ಹೊರಗೆ.

ಆ ಕಾಲಂ ಬಂದ ಮೇಲೆ ಬೇರೆ ಇಸವಿಗಳು ದೊಡ್ಡದಾಗಿ ಕಾಣತೊಡಗಿದವು. 1963ರ ಫೆಬ್ರವರಿಯಲ್ಲಿ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಕಾನೂನಿನಲ್ಲಿ ರದ್ದಾದವು. ಕೋಣೆಗೆ ಸಂಬಳದ ಗ್ರಾಮಲೆಕ್ಕಿಗರು ಬಂದು ಕೂತರು. ಆದರೆ ಅವರನ್ನೂ ಜನ ‘ಶಾನುಭೋಗ್ರು’ ಎಂದೇ ಕರೆದರು, ಜಗಲಿಯ ರೂಢಿಯೂ ಕೂಡಲೇ ಬದಲಾಗಲಿಲ್ಲ. ರೂಢಿಯನ್ನು ಸ್ವಲ್ಪ ಸಡಿಲಿಸಿದ್ದು ಪಂಚಾಯ್ತಿ ರೇಡಿಯೋ. ಕಂಬಕ್ಕೆ ಕಟ್ಟಿದ ಸ್ಪೀಕರಿಗೆ ಜಾತಿ ಹೇಳಿ ಕೇಳಿಸುವುದು ಆಗದ ಮಾತು. ಸಂಜೆ ವಾರ್ತೆ, ಕೃಷಿ ಕಾರ್ಯಕ್ರಮದ ಹೊತ್ತಿಗೆ ಎಲ್ಲ ಕೇರಿಯವರೂ ಸೇರುತ್ತಿದ್ದರು. ಕೂರುತ್ತಿದ್ದದ್ದು ಬೇರೆ ಬೇರೆ ಗುಂಪಾಗಿ, ಅದೂ ನಿಜ. ಹೆಂಗಸರು ಹಕ್ಕಿನಿಂದ ಒಳಗೆ ಕಾಲಿಟ್ಟದ್ದು ಅಂಗನವಾಡಿ ಬಂದ ಮೇಲೆ, ಮಕ್ಕಳ ನೆಪದಲ್ಲಿ. ಅದಕ್ಕೆ ಮುಂಚೆ ಮದುವೆಯಲ್ಲಿ ಹಿಂಬದಿಯ ಅಡುಗೆ ಚಪ್ಪರದವರೆಗೆ ಮಾತ್ರ.

1987 ನನ್ನ ಪಟ್ಟಿಯಲ್ಲಿ ದೊಡ್ಡ ಬಿರುಕು. ಮಂಡಲವೆಂದರೆ ಸುಮಾರು ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆ. ಹಾಗಾಗಿ ಅಕ್ಕಪಕ್ಕದ ಊರುಗಳನ್ನೆಲ್ಲ ಸೇರಿಸಿ ಕಚೇರಿಯನ್ನು ದೊಡ್ಡ ಊರಿಗೆ ಒಯ್ದರು. ಮೇಜು, ಬೀರು, ನಡವಳಿ ಪುಸ್ತಕ ಎಲ್ಲ ಗಾಡಿ ಹತ್ತಿತು. ಅದೇ ಕಾಯ್ದೆ ಕಾಲುಭಾಗ ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತ್ತು. ನಮ್ಮೂರಿನಿಂದಲೂ ಒಬ್ಬರು ಗೆದ್ದರು. ಅವರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಕುರ್ಚಿ ಇನ್ನೊಂದು ಊರಿನಲ್ಲಿತ್ತು. ನಮ್ಮ ಹಾಲ್‌ನೊಳಗೆ ಹೆಣ್ಣೊಬ್ಬಳು ಸದಸ್ಯೆಯಾಗಿ ಕೂತು ನಡವಳಿಗೆ ಸಹಿ ಹಾಕಿದ್ದು ನಾನು ನೋಡಿದ ಯಾವ ಪುಟದಲ್ಲೂ ಇಲ್ಲ.

ಆಮೇಲಿನದು ಬೇಗ ಹೇಳಬಹುದು. ಖಾಲಿಯಾದ ಜಾಗಕ್ಕೆ ಸೀಮೆಎಣ್ಣೆ ಡ್ರಮ್ಮು, ಅಕ್ಕಿ ಮೂಟೆ ಬಂದು ನ್ಯಾಯಬೆಲೆ ಅಂಗಡಿಯಾಯಿತು. ರಾತ್ರಿ ಹಾರ್ಮೋನಿಯಂ ಮೇಷ್ಟ್ರು ಬಂದು ಪೌರಾಣಿಕ ನಾಟಕ ಕಲಿಸುತ್ತಿದ್ದರು. ಅಂಗನವಾಡಿಗೆ ಸ್ವಂತ ಕಟ್ಟಡವಾಯಿತು. ಹಾಲು ಉತ್ಪಾದಕರ ಸಂಘ ಅರ್ಧ ಜಾಗ ಹಿಡಿಯಿತು, ಉಳಿದರ್ಧದಲ್ಲಿ ಸ್ತ್ರೀಶಕ್ತಿ ಸಂಘದವರು ವಾರಕ್ಕೊಮ್ಮೆ ಸೇರಿ ಉಳಿತಾಯದ ಲೆಕ್ಕ ಬರೆಯುತ್ತಾರೆ. ಮೂರನೆಯ ಕಾಲಂ ಪ್ರಕಾರ ಈ ಕಟ್ಟಡಕ್ಕೆ ಅತ್ಯಂತ ಒಳ್ಳೆಯ ಕಾಲ ಈಗಿನದೇ. ಬೆಳಗ್ಗೆ ಕ್ಯಾನ್ ಹಿಡಿದು ಯಾವ ಕೇರಿಯವರು ಬಂದರೂ ಸಾಲಿನಲ್ಲಿ ಮುಂದೆ ಬಂದವರ ಹಾಲನ್ನೇ ಮೊದಲು ಅಳೆಯುತ್ತಾರೆ. ಹಳೆಯ ಚಾವಡಿಯ ಗತ್ತು ನೆನೆದು ಹಲುಬುವವರ ಮಾತಿಗೆ ನಾನು ಅಷ್ಟಾಗಿ ತಲೆದೂಗದಿರುವುದು ಇದೇ ಕಾರಣಕ್ಕೆ.

ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಜಗಲಿಯ ಗೋಡೆಗೆ ಅಂಟಿಸಿದೆ. ಒಂದು ಪ್ರತಿ ಶಾಲೆಗೆ, ಒಂದು ಪಂಚಾಯ್ತಿಗೆ. ಪ್ರತಿ ಸಾಲಿನ ಪಕ್ಕದಲ್ಲೂ ಅದು ಕಾಗದದಲ್ಲಿ ಕಂಡದ್ದೋ ಬಾಯಲ್ಲಿ ಕೇಳಿದ್ದೋ ಎಂದು ಗುರುತು ಹಾಕಿದ್ದೇನೆ. ಇಬ್ಬರು ಬೇರೆ ಬೇರೆ ಹೇಳಿದ ಕಡೆ ಎರಡನ್ನೂ ಬಿಟ್ಟಿದ್ದೇನೆ. ಕೆಳಗೆ ಒಂದಿಷ್ಟು ಖಾಲಿ ಜಾಗ ಬಿಟ್ಟು ದಾರದಲ್ಲಿ ಪೆನ್ನು ಕಟ್ಟಿದ್ದೆ. ಮೊದಲು ಬರೆದವರು ಡೈರಿ ಕಾರ್ಯದರ್ಶಿ, ಕೊಬ್ಬು ಅಳೆಯುವ ಮಿಷನ್ ಬಂದ ತಾರೀಖು. ಅದರ ಕೆಳಗೆ ಯಾರೋ ಇನ್ನೊಬ್ಬರು, ‘ಅದಕ್ಕೂ ಮೊದಲು ಕೈಯಲ್ಲೇ ಟೆಸ್ಟು, ಆಗ ರೇಟು ಜಾಸ್ತಿ ಸಿಗ್ತಿತ್ತು’ ಎಂದು ಬರೆದಿದ್ದಾರೆ. ಬಾಯಲ್ಲಿ ಕೇಳಿದ್ದು ಎಂದು ಗುರುತು ಹಾಕಿದೆ.