ಎಂಜಲಿನ ಪರೀಕ್ಷೆಗೆ ಚೊಗರೇ ಅಡ್ಡಿ

ನಾನು ಶಿವಮೊಗ್ಗದಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಬಾಯಿ ಕ್ಯಾನ್ಸರ್‌ನ ಸುಳಿವನ್ನು ಎಂಜಲಿನಲ್ಲೇ ಹಿಡಿಯುವ ಅಗ್ಗದ ಪಟ್ಟಿ ಮಾಡೋಣ ಅಂತ ಹೊರಟೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡಿಕೊಳ್ಳುತ್ತಾರಲ್ಲ, ಅದೇ ಜಾತಿಯದು. ಆ ವಿದ್ಯೆ ಹೊಸದಲ್ಲ. ಎಲೆಕ್ಟ್ರೋಡ್ ಮೇಲೆ ಕಿಣ್ವ ಕೂರಿಸಿ ಗ್ಲೂಕೋಸ್ ಅಳೆಯುವ ದಾರಿಯನ್ನು 1962ರಲ್ಲೇ ಕ್ಲಾರ್ಕ್ ಮತ್ತು ಲಯನ್ಸ್ ತೋರಿಸಿದ್ದರು. ಆದರೆ ರಕ್ತದ ಸಕ್ಕರೆ ಮಿಲಿಗ್ರಾಂ ಲೆಕ್ಕದ್ದು. ನಾನು ಹುಡುಕುವ ಸೈಫ್ರಾ 21-1 ಎಂಬ ಪ್ರೋಟೀನ್ ಚೂರು ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದ್ದು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೋಗ್ರಾಂ.

ಪಟ್ಟಿಗೇನೂ ಜಾಸ್ತಿ ಖರ್ಚಾಗಲಿಲ್ಲ. ಲಗ್ನಪತ್ರಿಕೆ ಛಾಪಿಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾರ್ಬನ್ ಇಂಕಿನ ಗೆರೆ ಎಳೆಸಿದೆ. "ಗಣಪತಿ ಬೇಡ್ವಾ ಸಾರ್?" ಅಂತ ಅಂಗಡಿ ಹುಡುಗ ನಕ್ಕ. ಒಂದು ಗೆರೆಗೆ ಬೆಳ್ಳಿ ಇಂಕು ಬಳಿದು, ಮೇಲೆ ಹೈಪೋಕ್ಲೋರೈಟ್ ಹನಿಸಿದರೆ ಸಿಲ್ವರ್ ಕ್ಲೋರೈಡ್ ಪದರ ಕೂರುತ್ತದೆ; ವೋಲ್ಟೇಜ್ ಅಳೆಯಲು ಆ ಗೆರೆಯೇ ಆಧಾರ. ಕಾರ್ಬನ್ ತುದಿಗೆ ಸೈಫ್ರಾವನ್ನು ಗುರುತಿಸಿ ಹಿಡಿಯುವ ಆಂಟಿಬಾಡಿ ಎಂಬ ಪ್ರೋಟೀನ್ ಅಂಟಿಸಿದೆ. ಕರೆಂಟು ಕೊಡಲು ಒಂದು ಸೂಚಕ ರಾಸಾಯನಿಕವೂ ಜೊತೆಗಿರುತ್ತದೆ. ಸೈಫ್ರಾ ಬಂದು ಆಂಟಿಬಾಡಿಯನ್ನು ಹಿಡಿದುಕೊಂಡರೆ ಸೂಚಕದಿಂದ ಬರುವ ಕರೆಂಟು ಕಮ್ಮಿಯಾಗುತ್ತದೆ. ಎಷ್ಟು ಕಮ್ಮಿಯಾಯಿತು ಅನ್ನುವುದೇ ಉತ್ತರ.

ಶುದ್ಧ ದ್ರಾವಣದಲ್ಲಿ ಎಲ್ಲ ಚೆನ್ನಾಗಿತ್ತು. ಕವಳ (ಎಲೆ ಅಡಿಕೆ) ಹಾಕುವವರ ಎಂಜಲು ಬಿದ್ದ ಕೂಡಲೇ ಗ್ರಾಫ್ ಕೆಟ್ಟಿತು. ಕರೆಂಟು ಇಳಿಯುವ ಬದಲು ಏರಿತು!

ಕಾರಣ ಮಲೆನಾಡಿನವರಿಗೆ ಗೊತ್ತಿರುವ ವಸ್ತುವೇ. ಅಡಿಕೆ ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಚೊಗರು ಇದೆಯಲ್ಲ, ಅದನ್ನು ಒಗರಾಗಿಸುವ ಕ್ಯಾಟೆಚಿನ್, ಟ್ಯಾನಿನ್‌ಗಳು ಅಡಿಕೆ ಜಗಿದ ಬಾಯಲ್ಲೂ ಇರುತ್ತವೆ. ಅವು ಕಾರ್ಬನ್ ಮೇಲೆ ತಾವೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ನಾನು ಸೂಚಕವಾಗಿ ಬಳಸುತ್ತಿದ್ದ ಫೆರೋಸಯನೈಡ್ ಕೂಡ ಹೆಚ್ಚುಕಮ್ಮಿ ಅದೇ ವೋಲ್ಟೇಜಿನಲ್ಲಿ ಕೆಲಸ ಮಾಡುವಂಥದ್ದು. ಎರಡೂ ಒಂದರ ಮೇಲೊಂದು ಬಿದ್ದರೆ ಯಾರದ್ದು ಯಾವುದು ಅಂತ ಹೇಳುವುದು ಹೇಗೆ? ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕೂರಿಸಿದೆ. ಕೆಂಪು ಹೋಯಿತು, ಒಗರಿನ ಶೇಷ ಪೂರ್ತಿ ಹೋಗಲಿಲ್ಲ. ಹತ್ತಿಪ್ಪತ್ತು ವರ್ಷ ಕವಳ ಹಾಕಿದ ಬಾಯಿ ಅದು.

ಕೊನೆಗೆ ಸೂಚಕವನ್ನೇ ಬದಲಾಯಿಸಿದೆ. ಮಿಥಿಲೀನ್ ಬ್ಲೂ ಎಂಬ ಹಳೇ ನೀಲಿ ಬಣ್ಣ ಕಾರ್ಬನ್ ನ್ಯಾನೋಟ್ಯೂಬ್ ಎಂಬ ಅತಿ ಸಣ್ಣ ಕಾರ್ಬನ್ ಕೊಳವೆಗಳಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಅದರ ಗುರುತು ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 0.25 ವೋಲ್ಟ್ ಹತ್ತಿರ ಸಿಗುತ್ತದೆ. ಅಷ್ಟು ಕೆಳಗೆ ಚೊಗರಿನ ಗಲಾಟೆ ಇಲ್ಲ. ಕವಳದ ಎಂಜಲಿನಲ್ಲೂ ಗ್ರಾಫ್ ಓದುವಂತಾಯಿತು. ಪೇಪರುಗಳಲ್ಲಿ ಬರುವ 'ಅತಿ ಸೂಕ್ಷ್ಮ' ಅಂಕಿಗಿಂತ ಇಂಥ ಬಾಯಲ್ಲಿ ನಿಲ್ಲುವ ಅಂಕಿಯೇ ನನಗೆ ಮುಖ್ಯ.

ಮಳೆಗಾಲ ಇನ್ನೊಂದು ಕಾಟ. ಪಟ್ಟಿಗಳ ಜೊತೆ ಇಟ್ಟ ಸಿಲಿಕಾ ಜೆಲ್‌ನ ನೀಲಿ ಮಣಿಗಳು ಬೆಳಗಾಗುವಷ್ಟರಲ್ಲಿ ಗುಲಾಬಿಯಾಗಿರುತ್ತಿದ್ದವು. ಓವನ್ನಿನಲ್ಲಿ ಕಾಯಿಸಿ ಮತ್ತೆ ನೀಲಿ ಮಾಡುವುದು, ಮತ್ತೆ ಇಡುವುದು. ಈಗ ಒಂದೊಂದು ಪಟ್ಟಿಗೂ ಬೇರೆ ಬೇರೆ ಫಾಯಿಲ್ ಪೊಟ್ಟಣ.

ನೈತಿಕ ಸಮಿತಿಯ ಒಪ್ಪಿಗೆ ಪಡೆದು, ದಂತವೈದ್ಯರ ಜೊತೆ ತೀರ್ಥಹಳ್ಳಿ ಕಡೆ ಹೋದಾಗ ಒಬ್ಬ ಹಿರಿಯರು ಕೇಳಿದರು: "ಮೇಷ್ಟ್ರೇ, ನಾನು ಹೊಗೆಸೊಪ್ಪು ಮುಟ್ಟಲ್ಲ. ಬರೀ ಎಲೆ ಅಡಿಕೆ. ಏನೂ ಆಗಲ್ಲ ಅಲ್ವಾ?"

"ಹಾಗೆ ಹೇಳೋಕಾಗಲ್ಲ ಗೌಡ್ರೇ" ಅಂದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ತೋಟದ ನಡುವೆ ನಿಂತು ಇದನ್ನು ಹೇಳುವುದು ಸುಮ್ನೆ ಅಲ್ಲ. ಅವರು ಮುಖ ತಿರುಗಿಸಿದರು, ಆದರೆ ಬಾಯಿ ತೆರೆದು ತೋರಿಸಿದರು.

ವೈದ್ಯರು ನೋಡಿದ್ದು ಟಾರ್ಚಿನಲ್ಲಿ. ಬಿಳಿ ಮಚ್ಚೆ ಇದೆಯಾ, ಬಾಯಿ ಎಷ್ಟಗಲ ತೆರೆಯುತ್ತೆ, ಅಷ್ಟೇ. ಈ ಟಾರ್ಚನ್ನು ಹಗುರಾಗಿ ಕಾಣಬೇಡಿ. ತಿರುವನಂತಪುರ ಜಿಲ್ಲೆಯಲ್ಲಿ ನಡೆದ ದೊಡ್ಡ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ, ಬರೀ ಕಣ್ಣಿನ ತಪಾಸಣೆಯಿಂದಲೇ ಬಾಯಿ ಕ್ಯಾನ್ಸರ್ ಸಾವು ಕಮ್ಮಿಯಾಗಿತ್ತು. ಸೈಫ್ರಾ ಶ್ವಾಸಕೋಶದ ಕ್ಯಾನ್ಸರಿನಲ್ಲೂ ಏರುತ್ತದೆ, ಅದೊಂದನ್ನೇ ನಂಬಿ ಬಾಯಿ ಕ್ಯಾನ್ಸರ್ ಅನ್ನೋಕಾಗಲ್ಲ. ಹಾಗಾಗಿ ನನ್ನ ಪಟ್ಟಿ ಟಾರ್ಚಿನ ಪಕ್ಕ ಇರಬೇಕಾದದ್ದು. ಟಾರ್ಚಿನಲ್ಲಿ ಅನುಮಾನ ಬಂದವರಲ್ಲಿ ಬಯಾಪ್ಸಿಗೆ, ಅಂದರೆ ಚೂರು ಮಾಂಸ ತೆಗೆದು ನೋಡುವ ಪರೀಕ್ಷೆಗೆ, ಯಾರು ಮೊದಲು ಹೋಗಬೇಕು ಅಂತ ಪಟ್ಟಿ ಹೇಳಿದರೆ ಸಾಕು. ತೀರ್ಪು ಬಯಾಪ್ಸಿಯದೇ.

ಸದ್ಯ ಆಂಟಿಬಾಡಿಯನ್ನು ಟ್ರೆಹಲೋಸ್ ಸಕ್ಕರೆಯ ಜೊತೆ ಪಟ್ಟಿಯ ಮೇಲೇ ಒಣಗಿಸಿ ನೋಡುತ್ತಿದ್ದೇನೆ. ಅದು ಕೈ ಹಿಡಿದರೆ ಆಗುಂಬೆ ಕಡೆ ಹೋಗುವಾಗ ಆಂಟಿಬಾಡಿ ಕೆಡದಂತೆ ಐಸ್ ಡಬ್ಬಿ ಹೊರುವುದು ತಪ್ಪುತ್ತದೆ.